ಹಾರಿಸಿದ ಎರಡು ಪುಟ

ಗುರುವಾರ, ನವೆಂಬರ್ ೧೪

ಚರ್ಚಿನ ಹಿಂದಿನ ಕೋಣೆಯಲ್ಲಿ ಇವತ್ತು ಓದುವ ಸರದಿ ನನ್ನದು. ಕೇಳುವವರು ಆರು ಜನ, ಪುಸ್ತಕ ಒಂದೇ: ಹಳೇ ಕಾಲದ ಪ್ರಾರ್ಥನೆಗಳದ್ದು, ಕಣ್ಣು ಮಂಜಾದ ಮೇಲೆ ಟೈಲರ್ ತಾತ ಗುಂಪಿಗೆ ಕೊಟ್ಟದ್ದು. ಬೇಗ ಮನೆ ಸೇರುವ ಆಸೆಗೆ ಎರಡು ಹಾಳೆ ಒಟ್ಟಿಗೆ ತಿರುವಿದೆ.

ತಾತ ತಲೆ ಎತ್ತಿದರು. “ಮಗು ಕಳ್ಕೊಂಡ ತಾಯಿ ಪ್ರಾರ್ಥನೆ ಇಲ್ಲೇ ಬರ್ಬೇಕಿತ್ತಲ್ಲಪ್ಪಾ? ನಮ್ಮನೆಯವಳು ಕೊನೇಲಿ ಅದನ್ನೇ ಓದಿಸ್ಕೊಳ್ತಿದ್ಲು.”

“ಅದು ಬೇರೆ ಪುಸ್ತಕ ಇರ್ಬೇಕು ತಾತ,” ಎಂದೆ. ನಾಲಿಗೆ ತೊದಲಲೂ ಇಲ್ಲ.

“ಇರ್ಬಹುದು. ನೆನಪು ಕೈ ಕೊಡ್ತಿದೆ. ಮಧ್ಯೆ ಬಾಯಿ ಹಾಕ್ದೆ, ಕ್ಷಮಿಸಪ್ಪ.”

“ಪರವಾಗಿಲ್ಲ ಬಿಡಿ,” ಎಂದುಬಿಟ್ಟೆ.

ಈಗ ಮನೆಯಲ್ಲಿ ಪುಸ್ತಕ ತೆರೆದು ನೋಡಿದರೆ ಆ ಪ್ರಾರ್ಥನೆ ನಾನು ಹಾರಿಸಿದ ಪುಟಗಳಲ್ಲೇ ಇದೆ. ಅಂಚಿನಲ್ಲಿ, ಬಟ್ಟೆ ಮೇಲೆ ಎಳೆಯುವ ನೀಲಿ ಸೀಮೆಸುಣ್ಣದ ಗೆರೆ. ಕ್ಷಮೆ ಕೇಳಿದ್ದು ಅವರು. ಧಾರಾಳವಾಗಿ ಕೊಟ್ಟಿದ್ದು ನಾನು.