ನಾಟಿ ಚಾಸಿ, ಸೀಮೆ ಎಂಜಿನ್

ಡಿಸೆಂಬರ್ 3, 1987. ಗುರುವಾರ

ಬೆಳಿಗ್ಗೆಯಿಂದ ರೇಸ್ ಕಾರಿನ ಚಾಸಿಗೆ ಎಂಟು ಪೈಪು ಕತ್ತರಿಸಿದೆ. ಒಂದು ಹಾಳು. ಬೇಸಿಗೆಯ ಶುರುವಿನಲ್ಲೇ ಹೊರಗೆ ನಲವತ್ತು ಡಿಗ್ರಿ, ಶೆಡ್ಡಿನ ತಗಡಿನ ಕೆಳಗೆ ಕೇಳುವುದೇ ಬೇಡ. ಬೆವರು ಕಣ್ಣಿಗಿಳಿದು ಅಳತೆಯ ಗೆರೆ ಕಾಣಲಿಲ್ಲ. ಅರವತ್ತೊಂದಕ್ಕೆ ಇದೆಲ್ಲ ಸಾಕು ಅನ್ನುತ್ತಾನೆ ಡಾಕ್ಟರ್. ಅವನೇನು ಚಾಸಿ ಕಟ್ಟಿದ್ದಾನಾ?

ಹನ್ನೊಂದಕ್ಕೆ ಕ್ಲೈನಿಗ್ ಬಂದ. ಟ್ರ್ಯಾಕ್ಟರ್ ವ್ಯಾಪಾರಿ, ಮಗಳು ಮೆರಿನ್ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವ ಸ್ಪ್ರಿಂಟ್ ಕಾರಿನ ಮಾಲೀಕ. ಹತ್ತು ವರ್ಷದಿಂದ ಅವನ ಕಾರಿಗೆ ಚಾಸಿ ನನ್ನದು, ಎಂಜಿನ್ ಗೆಳೆಯ ಇವೋನದು. ಮೂರು ವರ್ಷದಿಂದ ಸ್ಟಿಯರಿಂಗ್ ಹಿಡಿಯುವ ಕೈ ನನ್ನ ಮಗಳದು. ಎಲ್ಲವೂ ಮರ್ರೆ ನದಿಯ ಈ ದಂಡೆಯ ಸರಕು. ಪಕ್ಕಾ ನಾಟಿ.

ಈಗ ಅವನಿಗೆ ಸೀಮೆ ಸರಕು ಬೇಕಂತೆ. ಅಮೆರಿಕದ ಹಾಕ್ಸ್‌ಮಿಲ್ ಕಂಪನಿಯ ಚಾಸಿ ಹಡಗಿನಲ್ಲಿದೆ. ಎಂಜಿನ್ ವಿಮಾನದಲ್ಲೇ ಬಂದಿಳಿದಿದೆ. ಪೋಸ್ಟರ್ ಕೂಡ ಅಚ್ಚಾಗಿದೆ — ಕಪ್ಪು ಕಾರು, ಚಿನ್ನದ ಅಕ್ಷರ, "ಅಮೆರಿಕದಿಂದ ನೇರವಾಗಿ". ಜನವರಿ 23ರ ದೊಡ್ಡ ರೇಸಿಗೆ ಮೆರಿನ್ ಅದನ್ನೇ ಓಡಿಸಬೇಕು. ನನ್ನ ಕೈ ಕುಲುಕಿದ. ಹತ್ತು ವರ್ಷಕ್ಕೆ ಒಂದು ಕೈಕುಲುಕು.

ಹಿತ್ತಲ ಗಿಡ ಮದ್ದಲ್ಲ. ಅವನಿಗೆ ಹೇಳಲಿಲ್ಲ. ಇಲ್ಲಿ ಬರೆದೆ.

ಡಿಸೆಂಬರ್ 8, ಮಂಗಳವಾರ

ದೇವರಿದ್ದಾನೆ. ಬಂದರಿನಲ್ಲಿ ಮುಷ್ಕರ. ಕ್ಲೈನಿಗ್‌ನ ಪೆಟ್ಟಿಗೆ ಹಡಗಿನಲ್ಲೇ ಕೂತಿದೆ, ಯಾವಾಗ ಇಳಿಯುತ್ತದೋ ಯಾರಿಗೂ ಗೊತ್ತಿಲ್ಲ. ನಗು ಬಂತು. ಹೆಚ್ಚು ಹೊತ್ತು ಉಳಿಯಲಿಲ್ಲ.

ಮಧ್ಯಾಹ್ನ ಬಂದವನು ನಿಂತೇ ಮಾತಾಡಿದ. ನನ್ನದೊಂದು ಚಾಸಿ ಕೊಡಬೇಕು. ಕಪ್ಪು ಬಳಿದು. ಹಾಕ್ಸ್‌ಮಿಲ್ ಬಿಲ್ಲೆ ಅವನೇ ತಂದಿದ್ದ, ಜೇಬಿನಿಂದ ತೆಗೆದು ಬೆಂಚಿನ ಮೇಲಿಟ್ಟ. ಬಿಸ್ಕತ್ತಿನಷ್ಟು ದೊಡ್ಡದು. ಪೋಸ್ಟರ್ ಅಚ್ಚಾಗಿದೆಯಲ್ಲ, ಅದಕ್ಕೆ ಕಾರು ಬೇಕಂತೆ.

ಆಗಲ್ಲ ಅಂದೆ. ಬಿಲ್ಲೆಗಿಂತ ಕಪ್ಪಿಗೆ ಆಗಲ್ಲ ಅಂದೆ. ನನ್ನ ಶೆಡ್ಡಿನಿಂದ ಹೊರಡುವ ಚಾಸಿ ಬಿಳಿ. ದೂರದಿಂದ ಬಿಳಿ ಕಂಡರೆ ಜನ ಇದು ಕ್ಲೆಮ್ ಟ್ರೆಗೆಂಜನದು ಅನ್ನುತ್ತಾರೆ. ಬಿಳಿಯ ಮೇಲೆ ಕೂದಲೆಳೆ ಬಿರುಕೂ ಕಾಣುತ್ತದೆ. ಎಪ್ಪತ್ತೊಂದರಲ್ಲಿ ನನ್ನ ತಮ್ಮ ಆಲ್ಬಿಯ ಕಾರಿಗೆ ಕಡು ಹಸಿರು ಬಳಿದಿದ್ದೆವು. ಬಿರುಕಿತ್ತು. ಕಾಣಲಿಲ್ಲ. ಗೋಡೆಗೆ ಬಡಿದು ಅವನು ಹೋದ ಮೇಲೆ ಕಂಡಿತು. ಅಂದಿನಿಂದ ಬಿಳಿ.

ಸಂಜೆ ಮೆರಿನ್ ಬಂದಳು. ಕ್ಲೈನಿಗ್ ಅವಳ ಹತ್ತಿರ ಹೋಗಿ ಬೇರೆಯದೇ ರಾಗ ಹಾಡಿದ್ದಾನೆ — ಕಪ್ಪು ಕಾರು ಇಲ್ಲದಿದ್ದರೆ ಸೀಟೂ ಇಲ್ಲ, ಅಡಿಲೇಡ್‌ನಲ್ಲಿ ಒಬ್ಬ ಹುಡುಗ ಸಿದ್ಧವಾಗಿದ್ದಾನೆ.

"ಅಪ್ಪ, ಬಣ್ಣ ತಾನೇ? ಒಳಗಿರೋದು ನಿಂದೇ ಅಲ್ವಾ?"

"ಹೆಸ್ರು?"

"ಹೆಸ್ರು ಯಾರಿಗ್ ಬೇಕು. ಹೆಂಗಸು ಅಂತ ಯಾರೂ ಸೀಟ್ ಕೊಡ್ದೆ ಆರು ವರ್ಷ ಟೈರ್ ತೊಳ್ದಿದೀನಿ. ನಂಗೆ ಇದೊಂದೇ ಇರೋದು."

ಅವಳು ನನ್ನಲ್ಲಿ ಏನನ್ನೂ ಕೇಳುವವಳಲ್ಲ. ಚಿಕ್ಕಂದಿನಲ್ಲೂ ಕೇಳಲಿಲ್ಲ.

ನಾಳೆ ಕಪ್ಪು ಬಣ್ಣ ತರಬೇಕು.

ಡಿಸೆಂಬರ್ 19, ಶನಿವಾರ

ಮುಗಿಯಿತು. ಚೆನ್ನಾಗಿಯೇ ಕಾಣುತ್ತದೆ, ಅದೇ ಹೊಟ್ಟೆಯುರಿ. ಬಿಲ್ಲೆ ಹೊಡೆಯುವಾಗ ಒಂದು ರಿವೆಟ್ ಮೊಳೆ ಸೊಟ್ಟಗಾಯಿತು. ಹಾಗೇ ಬಿಟ್ಟೆ.

ಅಮೆರಿಕದ ಎಂಜಿನ್ ಕೂರಿಸಿದೆವು. ಇವೋ ನೋಡಲು ಬಂದಿದ್ದ, ತನ್ನ ಎಂಜಿನ್ನಿನ ಜಾಗದಲ್ಲಿ ಯಾರು ಕೂತಿದ್ದಾರೆ ಅಂತ. ಮೂವತ್ತು ವರ್ಷದ ಹಿಂದೆ ಸಮುದ್ರದಾಚೆಯ ಡಾಲ್ಮೇಷಿಯಾದಿಂದ ಬಂದವನು, ಅವನನ್ನೇ ಯಾರೂ ಸೀಮೆಯವನು ಅನ್ನುವುದಿಲ್ಲ ಈಗ. ಸುತ್ತ ತಿರುಗಿ ನೋಡಿದ. ಒಳ್ಳೆಯ ಕೆಲಸ ಅಂದ. ಆಮೇಲೆ ಅಂದ:

"ನಂದು ಹಸು, ಇದು ಗೂಳಿ. ಹಸು ಕಟ್ಟೋ ಗೂಟಕ್ಕೆ ಗೂಳಿ ಕಟ್ತಿದೀಯ ಕ್ಲೆಮ್."

ಹೊಟ್ಟೆಕಿಚ್ಚು ಅಂದುಕೊಂಡೆ. ನಕ್ಕೆ.

ಡಿಸೆಂಬರ್ 26, ಶನಿವಾರ

ಗೆದ್ದಳು. ಎರಡೂ ಅರ್ಹತಾ ಪಂದ್ಯ, ಫೈನಲ್, ಎಲ್ಲ. ಕೊನೆಯ ತಿರುವಿನಲ್ಲಿ ಹೊರಗಿನ ಗೋಡೆಗೆ ಒಂದಡಿ ಬಿಟ್ಟು ಹೋದಳು.

ಜನ ಕಾರಿಗೆ ಮುತ್ತಿದರು. ಅಮೆರಿಕದವರ ಚಾಸಿ ನೋಡಿ, ತಾನೇ ತಿರುಗುತ್ತದೆ! ನನ್ನ ವೆಲ್ಡಿಂಗ್ ಮುಟ್ಟಿ ಮುಟ್ಟಿ ನೋಡಿ ನನಗೇ ಹೇಳಿದರು, ಕಲಿತುಕೋ ಅಂತ. ಇನ್ನೊಂದು ಕಾರಿನ ಮಾಲೀಕ ಲೆನ್ ಪ್ರಿಸ್ಕ್ ಟೇಪು ಹಿಡಿದು ಅಳತೆ ತೆಗೆದುಕೊಂಡ. ಚಳಿಗಾಲಕ್ಕೆ ನನ್ನ ಹತ್ತಿರ ಒಂದು ಚಾಸಿ ಹೇಳಿದ್ದವನು, ಬೇಡ ಅಂದ. ಹಾಕ್ಸ್‌ಮಿಲ್‌ಗೇ ಬರೆಯುತ್ತಾನಂತೆ. ನನ್ನದನ್ನು ನೋಡಿ ನನ್ನದು ಬೇಡ ಅಂದ. ಇಂಥದ್ದು ಯಾರಿಗಾದರೂ ಆಗಿದೆಯಾ?

ಇನ್ನೊಂದು ಮಾತು. ನಮ್ಮ ಟ್ರ್ಯಾಕಿನಲ್ಲಿ ಒಂದು ಪದ್ಧತಿ ಇದೆ. ಸ್ಟಾರ್ಟರ್ ಇಲ್ಲದ ಈ ಕಾರುಗಳನ್ನು ಟ್ರಕ್ ಬಂದು ಹಿಂದಿನಿಂದ ತಳ್ಳುವ ಮೊದಲು ಚಾಸಿ ಕಟ್ಟಿದವನು ಓಡಿಸುವವರ ತಲೆಯ ಮೇಲಿನ ಪೈಪನ್ನು ಎರಡು ಸಲ ತಟ್ಟಬೇಕು. ಇದಕ್ಕೆ ನಾನು ಹೊಣೆ ಅಂತ. ತಟ್ಟಿದ ಮೇಲೆ ಹೆಲ್ಮೆಟ್ಟಿನ ಗಾಜು ಇಳಿಸುತ್ತಾರೆ. ಇವತ್ತು ನಾನು ತಟ್ಟಲಿಲ್ಲ. ಯಾರ ಹೆಸರಿನಲ್ಲಿ ತಟ್ಟಲಿ? ಮೆರಿನ್ ಒಂದು ಕ್ಷಣ ನೋಡಿದಳು. ತಾನೇ ಗಾಜು ಇಳಿಸಿಕೊಂಡಳು.

ಜನವರಿ 2, 1988

ಮತ್ತೆ ಗೆದ್ದಳು. ಮತ್ತೆ ತಟ್ಟಲಿಲ್ಲ.

ಜನವರಿ 20, ಬುಧವಾರ

ಮುಷ್ಕರ ಮುಗಿದು ಪೆಟ್ಟಿಗೆ ಬಂತು. ಕ್ಲೈನಿಗ್ ನೋಡಲು ಕರೆದ. ಶನಿವಾರಕ್ಕೆ ಅದನ್ನು ಜೋಡಿಸಲು ಸಮಯವಿಲ್ಲ, ಮುಂದಿನ ತಿಂಗಳಿಗೆ. ಹುಳುಕು ಹುಡುಕಲೆಂದೇ ಹೋದೆ, ಸುಳ್ಳೇಕೆ.

ಸಿಗಲಿಲ್ಲ. ಅಚ್ಚುಕಟ್ಟು ಕೆಲಸ. ಆ ಕಡೆಯ ಯಾವನೋ ಒಬ್ಬ ವೆಲ್ಡಿಂಗ್ ಹೆಲ್ಮೆಟ್ಟಿನೊಳಗೆ ಬೆವರಿಕೊಂಡೇ ಇದನ್ನು ಕಟ್ಟಿದ್ದಾನೆ, ನನ್ನ ಹಾಗೆಯೇ. ಎಂಜಿನ್ ಕೂರುವ ಜಾಗದಲ್ಲಿ ಮೂಲೆಮೂಲೆಗೆ ಒಂದೊಂದು ಮುಕ್ಕೋನದ ತಗಡು ಬೆಸೆದಿದ್ದ. ಅಂಗೈಯ ಅರ್ಧದಷ್ಟು. ಎರಡು ಪೌಂಡ್ ತೂಕ ದಂಡ ಅಂತ ನಗಲು ಹೋದೆ. ಅಷ್ಟರಲ್ಲಿ ಇವೋನ ಮಾತು ನೆನಪಾಯಿತು.

ಗೂಳಿಗೆ ತಕ್ಕ ಗೂಟ ಅದು.

ಮನೆಗೆ ಬಂದು ಊಟವನ್ನೂ ಮಾಡದೆ ಕಾರಿನ ಕೆಳಗೆ ಮಲಗಿದೆ. ನನ್ನ ಚಾಸಿಯಲ್ಲಿ ಅದೇ ಮೂಲೆ. ಕಪ್ಪು, ನುಣುಪು, ಏನೂ ಇಲ್ಲ. ಉಪ್ಪುಕಾಗದದಲ್ಲಿ ಬಣ್ಣ ಉಜ್ಜಿದೆ. ಸೀಮೆಎಣ್ಣೆ ಹಚ್ಚಿದೆ. ಒರೆಸಿದೆ. ಸೀಮೆಸುಣ್ಣದ ಪುಡಿ ಬಳಿದು ಕಾದೆ.

ಹತ್ತು ನಿಮಿಷಕ್ಕೆ ಸುಣ್ಣದ ಮೇಲೆ ಎಣ್ಣೆಯ ಗೆರೆ ಒಸರಿತು. ಹೆಬ್ಬೆರಳುದ್ದದ ಬಿರುಕು.

ಜನವರಿ 21, ಗುರುವಾರ

ಬೆಸೆದೆ. ಅರೆದೆ. ಕಪ್ಪು ಬಳಿದೆ. ಒಂದು ಗಂಟೆಯ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ.

ಶನಿವಾರದ ಮೂವತ್ತು ಲ್ಯಾಪು ತಾಳುತ್ತದೆ. ತಾಳಬೇಕು. ಉಳಿದ ಮೂಲೆಗಳನ್ನು ನೋಡಬೇಕೆಂದರೆ ಎಂಜಿನ್ ಇಳಿಸಬೇಕು, ಬಣ್ಣ ಪೂರ್ತಿ ಕೆರೆಯಬೇಕು, ತಗಡು ಕೂರಿಸಬೇಕು. ಶನಿವಾರದೊಳಗೆ ಮತ್ತೆ ಕಪ್ಪು, ಚಿನ್ನ ಬಳಿಯಲು ಹೊತ್ತಿರುವುದಿಲ್ಲ. ಶೆಡ್ಡಿನಲ್ಲಿರುವ ಬೇಗ ಒಣಗುವ ಬಣ್ಣ ಒಂದೇ, ಬಿಳಿ. ಬಿಳಿ ಬಳಿದರೆ ಕುರುಡನಿಗೂ ಗೊತ್ತಾಗುತ್ತದೆ ಇದು ಯಾರದೆಂದು. ಕ್ಲೈನಿಗ್‌ನ ಮಾನ ಹೋಗುತ್ತದೆ. ಮೆರಿನ್‌ಳ ಸೀಟು ಹೋಗುತ್ತದೆ.

ಹೇಳದಿದ್ದರೆ...

ತಾಳುತ್ತದೆ.

ಆಲ್ಬಿಯದನ್ನೂ ನಾನೇ ತಟ್ಟಿದ್ದೆ. ಎರಡು ಸಲ. ಇದನ್ನು ಎಲ್ಲೂ ಬರೆದಿರಲಿಲ್ಲ.

ಜನವರಿ 22, ಶುಕ್ರವಾರ. ಬೆಳಿಗ್ಗೆ 10

ಮೆರಿನ್ ಎಂಟಕ್ಕೇ ಬಂದಳು, ಬೆಲ್ಟುಗಳನ್ನು ನೋಡಿಕೊಳ್ಳಲು. ಬ್ರೆಡ್ಡು, ಫ್ರಿಟ್ಜ್ ಮಾಂಸ ತಂದಿದ್ದಳು, ಸಾಸ್ ಹೆಚ್ಚಾಗಿ, ನನಗೆ ಸೇರುವ ಹಾಗೆ. ಸೀಟಿನಲ್ಲಿ ಕೂತು ಬೆಲ್ಟು ಎಳೆದುಕೊಂಡಳು. ನಾನು ಸುಮ್ಮನೆ ಸ್ಪ್ಯಾನರ್ ಒರೆಸುತ್ತಿದ್ದೆ. ತಲೆ ಎತ್ತದೆ ಕೇಳಿದಳು:

"ಅಪ್ಪ, ನಾಳೆನಾದ್ರೂ ತಟ್ತೀಯಾ?"

ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟೆ.

"ನಂಗೊತ್ತು, ಬಿಲ್ಲೆ ಬೇರೆಯವ್ರದು. ಆದ್ರೂ... ನೀನ್ ತಟ್ಟದೆ ಗಾಜು ಇಳ್ಸೋಕೆ ಕೈ ಬರಲ್ಲ."

ಹೇಳಿಬಿಟ್ಟೆ. ಬಿರುಕು. ನಿನ್ನೆ ಬೆಸೆದದ್ದು. ಮೇಲೆ ಕಪ್ಪು ಬಳಿದದ್ದು. ಎಲ್ಲ.

ಬೆಲ್ಟು ಬಿಚ್ಚಿ ಇಳಿದಳು. ನನ್ನೆದುರು ಬಂದು ನಿಂತಳು. ಹೊಡೆಯುತ್ತಾಳೇನೋ ಅನಿಸಿತು. ಹೊಡೆದಿದ್ದರೆ ಒಳ್ಳೆಯದಿತ್ತು.

"ನಿನ್ನೆ ಗೊತ್ತಿತ್ತು ನಿಂಗೆ."

"ಹೂಂ."

"ಇವತ್ತು ನಾನ್ ಕೇಳ್ದೇ ಇದ್ದಿದ್ರೆ?"

ಗೊತ್ತಿಲ್ಲ ಅಂದೆ. ಅದು ನಿಜ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಅವಳು ಗೋಡೆಯ ಮೊಳೆಯಿಂದ ಉಪ್ಪುಕಾಗದ ತೆಗೆದುಕೊಂಡಳು. ಕಪ್ಪು ಕೇಳಿದ್ದು ನಾನೇ, ಕೆರೆಯುವುದೂ ನಾನೇ ಅಂದಳು. ಸೀಟಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇವೋಗೆ ಫೋನ್ ಮಾಡಿದೆ. ಬರುತ್ತಿದ್ದಾನೆ.

ಜನವರಿ 23, ಶನಿವಾರ. ಬೆಳಿಗ್ಗೆ 9

ಎಡಗಡೆಯ ಮೂಲೆಯಲ್ಲಿ ಇನ್ನೊಂದು ಬಿರುಕು. ಮೊದಲಿನದಕ್ಕಿಂತ ಉದ್ದ. ಅದನ್ನು ನಾನು ನೋಡಿಯೇ ಇರಲಿಲ್ಲ. ಮೂವತ್ತು ಲ್ಯಾಪಂತೆ! ಹತ್ತೂ ತಾಳುತ್ತಿರಲಿಲ್ಲ.

ಮೂವರೂ ಅದನ್ನೇ ನೋಡುತ್ತ ನಿಂತೆವು. ಇವೋ ಗೂಳಿಯ ಮಾತೆತ್ತದೆ ಹೋಗಿ ಟೀ ಮಾಡಿಕೊಂಡು ಬಂದ.

ಆ ಪೈಪು ಪೂರ್ತಿ ಕತ್ತರಿಸಿ ಹೊಸದು ಹಾಕಿದೆ. ಆರು ತಗಡು, ಆರು ಮೂಲೆ. ಆಕಾರ ಅಮೆರಿಕದವನದು. ಕದ್ದೆ ಅನ್ನಲಿ, ಕಲಿತೆ ಅನ್ನಲಿ. ಪ್ರತಿಯೊಂದು ಬೆಸುಗೆಗೂ ಎಣ್ಣೆ, ಸುಣ್ಣ. ಎರಡೆರಡು ಸಲ. ಒಂದು ಸಲ ನಾನು, ಒಂದು ಸಲ ಮೆರಿನ್. ನನ್ನ ಕಣ್ಣನ್ನು ನಾನು ನಂಬಲಿಲ್ಲ.

ಬಿಳಿ ಒಣಗುತ್ತಿದ್ದಾಗ ಕ್ಲೈನಿಗ್ ಬಂದ. ಬಾಗಿಲಲ್ಲೇ ನಿಂತ. ನಾನು ಎಲ್ಲ ಹೇಳಿದೆ, ಕತ್ತರಿಸಿದ ಪೈಪನ್ನು ಅವನ ಕೈಗಿಟ್ಟೆ. ಉಗುರಿನಿಂದ ಬಿರುಕನ್ನು ಸವರಿದ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಸಣ್ಣ ದನಿಯಲ್ಲಿ ಹೇಳಿದ:

"ಜನ ಪೋಸ್ಟರ್ ನೋಡಿ ಬರ್ತಿದಾರೆ, ಇವತ್ತೊಂದ್ ದಿನ ಓಡ್ಸಲಿ. ನಾಳೆಯಿಂದ ಸೀಟು ಆ ಹುಡುಗಂದು. ನನ್ ಮುಖಕ್ಕೆ ಮಸಿ ಬಳ್ದ್ಬಿಟ್ಟೆ ಕ್ಲೆಮ್."

"ಬಳ್ದಿದ್ ಮಸಿ ಕೆರ್ದೆ ಅಷ್ಟೆ," ಅಂದಳು ಮೆರಿನ್. ಅವಳಿಗೆ ನನ್ನದೇ ಬಾಯಿ.

ಅವನು ಬೆಂಚಿನಿಂದ ಹಾಕ್ಸ್‌ಮಿಲ್ ಬಿಲ್ಲೆ ಎತ್ತಿಕೊಂಡ. ಸೊಟ್ಟ ಮೊಳೆ ಇನ್ನೂ ಅದರಲ್ಲೇ ಇತ್ತು. ಜೇಬಿಗೆ ಹಾಕಿಕೊಂಡು ಹೋದ.

ಸಂಜೆ 6:40, ಟ್ರ್ಯಾಕ್

ಟೂಲ್ ಬಾಕ್ಸಿನ ಮೇಲೆ ಕೂತು ಬರೆಯುತ್ತಿದ್ದೇನೆ.

ತಪಾಸಣೆಗೆ ನಿಂತಾಗ ಸ್ನೋ ಬಂದ, ಹದಿನೈದು ವರ್ಷದಿಂದ ಇಲ್ಲಿ ಕಾರು ತಪಾಸಣೆ ಮಾಡುವವನು. ಸುತ್ತ ಜನ. ಲೆನ್ ಪ್ರಿಸ್ಕ್ ಕೂಡ. ಸ್ನೋ ಟಾರ್ಚು ಬಿಟ್ಟು ನೋಡಿದ, ಬಿಳಿ ಪೈಪಿನ ಮೇಲೆ ಬೆರಳಾಡಿಸಿದ.

"ಏನಪ್ಪ, ಹಾಕ್ಸ್‌ಮಿಲ್‌ನವ್ರು ಈಗ ಬಿಳಿ ಕಳಿಸ್ತಿದಾರಾ?"

"ಇಲ್ಲ. ನಾನ್ ಕಟ್ಟಿದ್ದು. ಮೊದ್ಲಿಂದ್ಲೂ ನಾನೇ. ಎರಡು ಕಡೆ ಬಿರುಕು ಬಿಟ್ಟಿತ್ತು, ಅದೂ ನಂದೇ."

ಎಲ್ಲರಿಗೂ ಕೇಳಿಸಿತು. ಲೆನ್ ಬಾಯಿ ತೆರೆದವನು ಮುಚ್ಚಲಿಲ್ಲ. ಸ್ನೋ ಮೊಣಕಾಲೂರಿ ಆರು ತಗಡನ್ನೂ ನೋಡಿ ಚೀಟಿ ಅಂಟಿಸಿದ. ಏಳುವಾಗ ನನ್ನ ಕಿವಿಯ ಹತ್ತಿರ ಅಂದ, ನಿನ್ನ ವೆಲ್ಡಿಂಗ್ ನನಗೆ ಗುರುತಿಲ್ಲವಾ, ಕ್ರಿಸ್‌ಮಸ್‌ನಲ್ಲೇ ಗೊತ್ತಾಯಿತು, ನೀನು ಯಾವಾಗ ಹೇಳುತ್ತೀಯೋ ಅಂತ ಕಾಯುತ್ತಿದ್ದೆ.

ಈಗ ಸಾಲಿನಲ್ಲಿ ಮೂರನೆಯದು ನಮ್ಮದು. ಉಳಿದವು ಕಪ್ಪು, ಕೆಂಪು, ನೀಲಿ. ಮಧ್ಯೆ ಬಿಳಿ ಒಂದೇ. ಮೆಥನಾಲ್ ಇಂಧನದ ಹೊಗೆಗೆ ಕಣ್ಣು ಉರಿಯುತ್ತಿದೆ. ಆರು ತಗಡು. ಹೊಸ ಪೈಪು. ಎಲ್ಲ ನೋಡಿದ್ದೇನೆ. ಆಲ್ಬಿಯ ದಿನವೂ ಎಲ್ಲ ನೋಡಿದ್ದೇನೆ ಅಂದುಕೊಂಡಿದ್ದೆ.

ಇವತ್ತು ಗೆದ್ದರೂ ಸೋತರೂ ನಾಳೆ ಅವಳಿಗೆ ಸೀಟಿಲ್ಲ. ನಾನು ಒಂದು ಕಟ್ಟಿಕೊಡುತ್ತೇನೆ ಅಂದೆ. ಎಂಜಿನ್ನೋ ಅಂದಳು. ಇವೋ ಆ ಕಡೆ ತಿರುಗಿ ಕೆಮ್ಮಿದ.

ತಳ್ಳುವ ಟ್ರಕ್ ಬಂತು. ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಎಲ್ಲರೂ ಗಾಜು ಇಳಿಸಿಯಾಯಿತು. ಅವಳು ಇಳಿಸಿಲ್ಲ. ನನ್ನ ಕಡೆಗೇ ನೋಡುತ್ತಿದ್ದಾಳೆ.

ಹೋಗಿ ಎರಡು ಸಲ ತಟ್ಟಿ ಬರುತ್ತೇನೆ. ಉಳಿದದ್ದು ಆಮೇಲೆ —