ಯಾರೂ ಇಲ್ಲದವರಿಗೆ ಮಾತ್ರ ಕೊಡುವ ಕೋಣೆ

ಹೊಸ ಕೋಣೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕು ಎಂದು ಅತ್ತಿಗೆಯನ್ನು ಕಾಡಬೇಡ, ನಿನ್ನ ಕೈ ನಿನ್ನ ಮೊಣಕಾಲಿಗೆ ಚೆನ್ನಾಗಿಯೇ ಎಟುಕುತ್ತದೆ. ಅತ್ತಿಗೆಯ ಕೆಮ್ಮು ನಿಂತಿತೇ? ಮಕ್ಕಳಿಬ್ಬರೂ ನಾನು ಹೊರಟ ದಿನ ಗೊಳೋ ಎಂದು ಅತ್ತರು, ಬಸ್ಸು ತಿರುವು ದಾಟುವ ಮೊದಲೇ ನನ್ನ ಮಂಚ ಯಾರಿಗೆ ಎಂದು ಕಿತ್ತಾಟಕ್ಕಿಳಿದರು. ಕಿಟಕಿಯಿಂದ ಎಲ್ಲ ನೋಡಿದೆ. ಮಂಚ ದೊಡ್ಡವಳಿಗೇ ಕೊಡು. ಚಿಕ್ಕವನು ಹೇಗಿದ್ದರೂ ನಿದ್ದೆಯಲ್ಲಿ ಉರುಳಿ ಕೆಳಗೆ ಬೀಳುತ್ತಾನೆ. ನಾನು ಚೆನ್ನಾಗಿದ್ದೇನೆ. ಹಾಗೆಂದು ಬರೆದರೆ ನೀನು ನಂಬುವುದಿಲ್ಲ ಎಂದು ಗೊತ್ತು, ಆದರೂ ಬರೆದಿದ್ದೇನೆ, ಓದಿಕೋ.

ನಿನ್ನ ಕಾಗದ ವರ್ಕ್‌ಶಾಪಿನ ವಿಳಾಸಕ್ಕೆ ಬಂದು ತಲುಪಿತು. ಕೆಲಸ ಒಳ್ಳೆಯದು ಅಣ್ಣಾ. ಉದ್ದನೆಯ ಮೇಜು, ನನ್ನದೇ ಒಂದು ದೀಪ, ಮೇಣ ಕರಗಿಸಲು ನನ್ನದೇ ಒಂದು ಒಲೆ. ಊರಿನ ಹಲ್ಲಿನ ಡಾಕ್ಟರುಗಳೆಲ್ಲ ಬಾಯಿಯ ಅಚ್ಚು ತೆಗೆದು ನಮ್ಮಲ್ಲಿಗೆ ಕಳಿಸುತ್ತಾರೆ, ನಾವು ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ ಕಟ್ಟಿಕೊಡುತ್ತೇವೆ. ಸಂಜೆ ಮನೆಗೆ ಹೋಗುವಾಗ ಎಲ್ಲರ ಹುಬ್ಬಿನ ಮೇಲೂ ಅಚ್ಚಿನ ಬಿಳೀ ಪುಡಿ ಕೂತಿರುತ್ತದೆ, ಒಬ್ಬರನ್ನೊಬ್ಬರು ನೋಡಿ ಅಜ್ಜ ಅಜ್ಜಿ ಎಂದು ನಗುತ್ತೇವೆ. ಯಜಮಾನರು ಮೊದಲ ದಿನವೇ ನನ್ನ ಕೆಲಸ ನೋಡಿ "ಕೈ ಪಳಗಿದೆಯಮ್ಮ" ಎಂದರು. ನಮ್ಮೂರಲ್ಲಿ ಇಷ್ಟು ವರ್ಷ ದುಡಿದರೂ ಯಾರೂ ಅನ್ನದ ಮಾತು ಅದು.

ಈಗ ನಿನ್ನ ಬೈಗುಳಕ್ಕೆ ಬರುತ್ತೇನೆ. ಹೆಂಗಸರ ಹಾಸ್ಟೆಲಿನಲ್ಲಿ ಇರು ಎಂದು ನೀನು ಬಡಕೊಂಡೆ. ನಾನು ಹೋಗಿ ನೋಡಿದೆ, ನೋಡದೆ ಬೇಡ ಎನ್ನಲಿಲ್ಲ. ಸಾಲು ಮಂಚಗಳು, ಮಂಚಕ್ಕೊಂದು ಹಗ್ಗ, ಹಗ್ಗದ ತುಂಬ ಒದ್ದೆ ಬಟ್ಟೆ. ಒಬ್ಬಳು ಸೀನಿದರೆ ಕೋಣೆಗೆ ಕೋಣೆಯೇ ಏಳುತ್ತದೆ. ನಲವತ್ತು ದಾಟಿದ ಮೇಲೆ ನನಗೆ ಅದೆಲ್ಲ ಆಗುವುದಿಲ್ಲ ಅಣ್ಣಾ. ಆಮೇಲೆ ಒಬ್ಬ ದರ್ಜಿಯ ಮನೆಯ ಮಹಡಿ ಕೋಣೆ ನೋಡಿದೆ. ಗಾಳಿ ಬೆಳಕು ಬೇಕಾದಷ್ಟಿತ್ತು. ಆದರೆ ದರ್ಜಿಯ ಹೆಂಡತಿ! ನಾನು ಮೆಟ್ಟಿಲು ಹತ್ತಿ ಮುಗಿಸುವುದರೊಳಗೆ ನಮ್ಮ ಮೂರು ತಲೆಮಾರಿನ ವಿಚಾರಣೆ ಮುಗಿಸಿದ್ದಳು. ಅಣ್ಣನಿಗೆ ಏನು ಕೆಲಸ, ಅತ್ತಿಗೆ ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ತಾರಾ, ಯಾಕೆ ಮದುವೆ ಆಗ್ಲಿಲ್ಲ, ಎಷ್ಟು ಗಂಟೆಗೆ ಮನೆಗೆ ಬರ್ತೀರ, ತಡ ಆದ್ರೆ ನಮ್ಮವರನ್ನ ಕಳಿಸ್ತೀನಿ ಬಿಡಿ. ಯಾರಿಗೆ ಬೇಕು ಈ ಕಾಟ ಎಂದು ಕೈ ಮುಗಿದು ಬಂದೆ.

ಹಾಗೆ ಸಿಕ್ಕಿದ್ದು ಈ ಮನೆ. ಓಣಿಯ ಕೊನೆಯಲ್ಲಿದೆ, ಇದರಾಚೆ ಬರೀ ಕಾಂಪೌಂಡು ಗೋಡೆ. ಯಜಮಾನಿ ಆಸ್ಪತ್ರೆಯಿಂದ ನಿವೃತ್ತಳಾದ ನರ್ಸು, ಬೀದಿಯವರೆಲ್ಲ ನರ್ಸಮ್ಮ ಎಂದೇ ಕರೆಯುತ್ತಾರೆ, ಎದುರು ಸಿಕ್ಕರೆ ಗೌರವದಿಂದ ದಾರಿ ಬಿಡುತ್ತಾರೆ. ಮನೆ ಎಷ್ಟು ಚೊಕ್ಕಟವೆಂದರೆ ಕಾಲಿಡಲು ಭಯವಾಗುತ್ತದೆ. ಕೋಣೆಯಲ್ಲಿ ಮಂಚ, ಮೇಜು, ಕನ್ನಡಿಯ ಬೀರು, ಕಿಟಕಿಯ ಹೊರಗೊಂದು ಮರ. ನೋಡಿದ ತಕ್ಷಣ ಇದು ನನ್ನದು ಅನ್ನಿಸಿಬಿಟ್ಟಿತು. ಅವಳು ಬಾಡಿಗೆಯ ಮಾತನ್ನು ಎತ್ತಲೇ ಇಲ್ಲ. ನನ್ನನ್ನು ಕೂರಿಸಿ, ಎದುರು ಕೂತು, "ನಿಮಗೆ ಯಾರಿದ್ದಾರೆ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ "ನಂಟರಿಷ್ಟರು ಬಂದು ಹೋಗೋದು, ಕಾಗದ ಪತ್ರ, ಇದೆಲ್ಲ ನನಗೆ ಆಗಲ್ಲ. ನಾನು ಕೋಣೆ ಕೊಡೋದು ಯಾರೂ ಇಲ್ಲದವರಿಗೆ ಮಾತ್ರ" ಎಂದಳು.

ಕೋಪ ಮಾಡಿಕೊಳ್ಳಬೇಡ ಅಣ್ಣಾ. "ನನಗೆ ಯಾರೂ ಇಲ್ಲ" ಎಂದುಬಿಟ್ಟೆ. ಕೋಣೆಯ ಆಸೆಗೆ ಆಡಿದ ಸುಳ್ಳು, ಅಷ್ಟೇ. ನೀನು ನೂರು ವರ್ಷ ಬಾಳಬೇಕು. ಹೇಳುವಾಗ ನಾಲಿಗೆ ತಡವರಿಸಿತು, ಅವಳು ಅದನ್ನು ದುಃಖ ಅಂದುಕೊಂಡು ನನ್ನ ಕೈ ಹಿಡಿದುಕೊಂಡಳು. "ಇನ್ನು ಮೇಲೆ ನಾನಿದ್ದೀನಿ" ಎಂದಳು. ಈ ಮನೆಯ ವಿಳಾಸಕ್ಕೆ ಕಾಗದ ಬರೆಯಬೇಡ ಎಂದು ನಾನು ಹೇಳಿದ್ದು ಇದಕ್ಕೇ. ಈ ಕಾಗದವನ್ನೂ ಬಾಗಿಲಿಗೆ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ, ಈ ವಯಸ್ಸಿನಲ್ಲಿ ಕದ್ದು ಪ್ರೇಮಪತ್ರ ಬರೆಯುವವಳ ಹಾಗೆ.

ಅವಳು ನನ್ನನ್ನು ನೋಡಿಕೊಳ್ಳುವ ಚಂದ ಹೇಳಿದರೆ ಅತ್ತಿಗೆಗೆ ಹೊಟ್ಟೆಕಿಚ್ಚಾದೀತು. ಊಟ ಅವಳದೇ. ಊಟವಾದ ಮೇಲೆ ಒಂದು ಲೋಟ ಬಿಸಿ ಹಾಲು ತಂದುಕೊಟ್ಟು, ಕುಡಿದು ಮುಗಿಸುವ ತನಕ ಬಾಗಿಲಲ್ಲೇ ನಿಂತಿರುತ್ತಾಳೆ. ಸಕ್ಕರೆ ಜಾಸ್ತಿ, ಆದರೂ ತಳದಲ್ಲಿ ಸ್ವಲ್ಪ ಕಹಿ. ಆಮೇಲೆ ಬರುವ ನಿದ್ದೆ ಇದೆಯಲ್ಲ, ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಕೋಳಿನಿದ್ದೆಯವಳು ನಾನು, ನಿನಗೆ ಗೊತ್ತು. ಇಲ್ಲಿ ಬೆಳಗ್ಗೆ ಅವಳೇ ಬಂದು ಅಲ್ಲಾಡಿಸಿ ಎಬ್ಬಿಸಬೇಕು. ಹೊಸ ಊರು, ಹೊಸ ಕೆಲಸ, ದಣಿವು ಇರಬಹುದು. "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ನೀನು ಗಾದೆ ತೆಗೆಯುತ್ತೀಯ ಎಂದು ಗೊತ್ತು. ತೆಗೆಯಬೇಡ.

ನನ್ನ ಗೋಡೆಯಾಚೆ ಒಂದು ಕೋಣೆಯಿದೆ, ಯಾವಾಗಲೂ ಬೀಗ. ಹಳೇ ಸಾಮಾನು ಎನ್ನುತ್ತಾಳೆ. ಅಲ್ಲಿಂದ ಕೆಲವು ಸಲ ಗೊಣಗು ಕೇಳಿಸುತ್ತದೆ, ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿಸುತ್ತದೆ. ಒಂಟಿ ಹೆಂಗಸು, ಸಾಮಾನಿನ ಜೊತೆಗೇ ಮಾತಾಡಿಕೊಂಡು ಅಲ್ಲೇ ಗಂಜಿ ಕುಡಿಯುತ್ತಾಳೇನೋ ಎಂದುಕೊಂಡೆ. ಯಾರ ಮನೆಯ ದೋಸೆಯಲ್ಲಿ ತೂತಿಲ್ಲ ಹೇಳು. ಈ ಕೋಣೆಯಲ್ಲಿ ನನಗಿಂತ ಮೊದಲು ಇದ್ದವರು ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಮೇಡಂ ಅಂತೆ. ಎಲ್ಲಿ ಹೋದರು ಎಂದು ಕೇಳಿದೆ. "ತಂಗಿ ಮನೆಗೆ, ತುಂಬ ದೂರ" ಎಂದಳು. ತಂಗಿ ಇದ್ದವರಿಗೆ ಇವಳು ಕೋಣೆ ಹೇಗೆ ಕೊಟ್ಟಳೋ ಎಂದು ಆಮೇಲೆ ಅನ್ನಿಸಿತು, ಆದರೆ ಕೇಳಲಿಲ್ಲ.

ಹೋದ ವಾರ ಬಚ್ಚಲುಮನೆಯ ಅಟ್ಟದ ಮೇಲೆ ಬಕೆಟ್ ಹುಡುಕುವಾಗ ಒಂದು ತಗಡಿನ ಡಬ್ಬ ಸಿಕ್ಕಿತು. ಮುಚ್ಚಳ ತೆಗೆದರೆ ಹಲ್ಲಿನ ಸೆಟ್! ಮೇಲಿನದು ಕೆಳಗಿನದು ಎರಡೂ. ಬೇರೆ ಹೆಂಗಸಾಗಿದ್ದರೆ ಕಿರುಚಿ ಓಡುತ್ತಿದ್ದಳು, ನಾನು ದೀಪದ ಕೆಳಗೆ ಹಿಡಿದು ನೋಡತೊಡಗಿದೆ. ಒಳ್ಳೆಯ ಕೈಯ ಕೆಲಸ. ಬಲಗಡೆಯಲ್ಲೇ ಅಗಿದು ಅಗಿದು ಸವೆಸಿದ್ದಾರೆ. ಮೇಲಿನದು ನಟ್ಟನಡುವೆ ಬಿರುಕು ಬಿಟ್ಟಿತ್ತು. ತಿಂದು ಬಂದ ಬಿರುಕಲ್ಲ ಅದು, ಗಟ್ಟಿ ನೆಲಕ್ಕೆ ಬಿದ್ದು ಬಂದದ್ದು. ಲೈಬ್ರರಿ ಮೇಡಮ್ಮಿನದೇ ಇರಬೇಕು, ಪಾಪ, ಅವಸರದಲ್ಲಿ ಬಿಟ್ಟು ಹೋಗಿದ್ದಾರೆ ಎಂದು ಕನಿಕರ ಬಂತು. ನನಗೆ ಒಡೆದ ಸೆಟ್ ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲವಲ್ಲ! ವರ್ಕ್‌ಶಾಪಿಗೆ ಒಯ್ದು, ಊಟದ ಬಿಡುವಿನಲ್ಲಿ ಬಿರುಕು ಕೂಡಿಸಿ, ಉಜ್ಜಿ, ಹೊಳಪು ಕೊಟ್ಟೆ. ಪಕ್ಕದ ಮೇಜಿನವಳು ಯಾರದ್ದು ಎಂದು ಕೇಳಿದಳು, ಹೇಳಿದೆ. ಅವಳು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿ, "ಕೊಡೆ ಬಿಟ್ಟು ಹೋಗ್ತಾರೆ, ಚಪ್ಪಲಿ ಬಿಟ್ಟು ಹೋಗ್ತಾರೆ. ಹಲ್ಲು ಬಿಟ್ಟು ಯಾರು ಹೋಗ್ತಾರೆ ಮಾರಾಯ್ತಿ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮೊನ್ನೆ ಸಂಜೆ ಸೆಟ್ಟನ್ನು ಬಿಳೀ ಬಟ್ಟೆಯಲ್ಲಿ ಸುತ್ತಿ ನರ್ಸಮ್ಮನ ಕೈಗೆ ಕೊಟ್ಟೆ, ಮೇಡಮ್ಮಿಗೆ ಕಳಿಸಿಕೊಡಿ ಎಂದೆ. ಶಭಾಷ್ ಅಂದಾಳು ಅಂದುಕೊಂಡಿದ್ದೆ. ಬಿಚ್ಚಿ ನೋಡಿದವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾನೇನೂ ಬೀಳಿಸಿಲ್ಲ" ಎಂದಳು. ನಾನು ಅವಳನ್ನು ಏನೂ ಕೇಳಿಯೇ ಇರಲಿಲ್ಲ ಅಣ್ಣಾ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು, ಇಲ್ಲಿ ಕಳ್ಳ ಎಂದು ಅಂದವರೂ ಇಲ್ಲ. ಆಮೇಲೆ ನಕ್ಕು, ನನ್ನ ತಲೆ ಸವರಿ, "ನಿಮ್ಮ ಕೈ ತುಂಬ ಚುರುಕು" ಎಂದಳು. ಅವತ್ತಿನಿಂದ ಹಾಲು ಇನ್ನೂ ಸ್ವಲ್ಪ ಕಹಿಯಾಗಿದೆ. ನಿನ್ನೆ ಎರಡು ಗುಟುಕು ಕುಡಿದು, ಅವಳು ಅತ್ತ ತಿರುಗಿದಾಗ ಉಳಿದದ್ದನ್ನು ಕಿಟಕಿಯಾಚೆ ಚೆಲ್ಲಿದೆ. ಹೊಸ ಜಾಗವಲ್ಲವೇ, ಸರಿಹೋಗುತ್ತದೆ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು, ದೊಡ್ಡವಳದು ಮೆಲ್ಲಗೆ, ಚಿಕ್ಕವನದು ಜೋರಾಗಿ. ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ, ಬೈಗುಳ ನಿನ್ನ ಹತ್ತಿರವೇ ಇರಲಿ.

ನಿನ್ನ ತಂಗಿ,
ಮೊಂಡಿ

ತಾ.ಕ. ಅಣ್ಣಾ, ಮೇಲೆ ಬರೆದದ್ದನ್ನು ಬಿಡು, ಇದನ್ನು ಓದು. ಇವತ್ತು ಮಂಗಳವಾರ. ವರ್ಕ್‌ಶಾಪಿನಲ್ಲಿ ಕೂತು ಬರೆಯುತ್ತಿದ್ದೇನೆ, ಅವಸರದಲ್ಲಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿಕೋ.

ನಿನ್ನೆ ಬೆಳಗ್ಗೆ ನರ್ಸಮ್ಮ ಸಾಮಾನು ತರಲು ಹೋಗಿದ್ದಳು. ಹಿಂದಿನ ರಾತ್ರಿಯೂ ಹಾಲು ಚೆಲ್ಲಿದ್ದೆ, ತಲೆ ತಿಳಿಯಾಗಿತ್ತು. ತಲೆ ಬಾಚಿಕೊಳ್ಳುತ್ತಿದ್ದಾಗ ಗೋಡೆಯಾಚೆಯಿಂದ ಮಾತು ಕೇಳಿಸಿತು. ಗೊಣಗಲ್ಲ, ಬಿಡಿಬಿಡಿಯಾದ ಮಾತು. ಹಲ್ಲು ಕಟ್ಟುವವಳು ನಾನು, ಬೋಳು ಬಾಯಿಯ ಮಾತೂ ಗೊತ್ತು, ಹಲ್ಲು ಹಾಕಿಕೊಂಡ ಬಾಯಿಯ ಮಾತೂ ಗೊತ್ತು. ಇದು ಹಲ್ಲು ಹಾಕಿಕೊಂಡ ಬಾಯಿ. "ಮಗೂ, ನಿನಗೆ ಯಾರಿದ್ದಾರೆ ಅಂತ ಅವಳಿಗೆ ಹೇಳಿದೆ?" ಎಂದು ಕೇಳಿತು ಆ ದನಿ. ಬಾಚಣಿಗೆ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋದೆ. "ಯಾರೂ ಇಲ್ಲ ಅಂದೆ" ಎಂದೆ. "ನಾನೂ ಹಾಗೇ ಅಂದಿದ್ದೆ" ಎಂದರು.

ಲೈಬ್ರರಿ ಮೇಡಂ ಎಲ್ಲಿಗೂ ಹೋಗಿಲ್ಲ ಅಣ್ಣಾ. ನನ್ನ ಗೋಡೆಯಾಚೆ ಬೀಗದೊಳಗಿದ್ದಾರೆ. ಏನೋ ಔಷಧಿ ಕುಡಿಸಿ ಕುಡಿಸಿ ಕಾಲಿನಲ್ಲಿ ಶಕ್ತಿಯೇ ಇಲ್ಲವಂತೆ. ಕೂಗಿದರು ಎಂದು ನರ್ಸಮ್ಮ ಹಲ್ಲು ಕಿತ್ತುಕೊಂಡು ನೆಲಕ್ಕೆಸೆದಿದ್ದಳಂತೆ. ನಾನು ರಿಪೇರಿ ಮಾಡಿ ಕೊಟ್ಟದ್ದನ್ನು, ಇನ್ನು ಸದ್ದು ಮಾಡಲ್ಲ ಎಂದು ಆಣೆ ಹಾಕಿಸಿಕೊಂಡು ವಾಪಸ್ ಕೊಟ್ಟಿದ್ದಾಳೆ. ಅವರ ಪಿಂಚಣಿಗಾಗಿ ಇಟ್ಟುಕೊಂಡಿದ್ದಾಳೋ, ಒಬ್ಬಳೇ ಇರಲಾರದೆ ಇಟ್ಟುಕೊಂಡಿದ್ದಾಳೋ, ನನಗೆ ತಿಳಿಯದು. ಗೇಟಿನ ಸದ್ದಾಯಿತು, ಮಾತು ಅಲ್ಲಿಗೇ ನಿಂತಿತು. "ನೀನು ಹೋಗಬೇಡ, ನೀನು ಹೋದರೆ ನನ್ನನ್ನ ಬೇರೆ ಕಡೆ ಸಾಗಿಸ್ತಾಳೆ" ಎಂದಷ್ಟೇ ಕೊನೆಗೆ ಕೇಳಿಸಿತು.

ಠಾಣೆಗೆ ಹೋಗಿದ್ದೆ. ಅಲ್ಲಿದ್ದ ಪೇದೆ, "ಆ ನರ್ಸಮ್ಮನಾ? ನನ್ನ ಮಗಳ ಹೆರಿಗೆ ಮಾಡಿಸಿದ್ದೇ ಅವರು" ಎಂದ. ಹೊಸ ಊರಲ್ಲಿ ಒಬ್ಬರೇ ಇದ್ದರೆ ಏನೇನೋ ಅನ್ನಿಸುತ್ತದೆಯಂತೆ. "ನಿಮ್ಮ ಕಡೆಯವರು ಯಾರಾದರೂ ಇದ್ದರೆ ಕರ್ಕೊಂಡು ಬನ್ನಿ, ನೋಡೋಣ" ಎಂದ. ಇಲ್ಲಿ ನನ್ನ ಕಡೆಯವರು ಯಾರು ಅಣ್ಣಾ? ಯಜಮಾನರಿಗೂ ಹೇಳಿದೆ. ಒಳ್ಳೆಯವರು, ಆದರೆ ಬೇರೆಯವರ ಮನೆಯ ಬೀಗಕ್ಕೆ ಕೈ ಹಾಕಲು ಹೆದರುತ್ತಾರೆ. ವರ್ಕ್‌ಶಾಪಿನ ಡ್ರೈವರ್ ಈಗಲೇ ನಿಮ್ಮ ಕಡೆ ಹೊರಟಿದ್ದಾನೆ, ಕಾಗದ ನಿನ್ನ ಕೈಗೇ ಕೊಡುತ್ತಾನೆ. ಅದೇ ಗಾಡಿ ಹತ್ತಿ ಬಂದುಬಿಡು. ಅವನಿಗೆ ನರ್ಸಮ್ಮನ ಮನೆ ಗೊತ್ತು.

ನಾನು ಇವತ್ತೂ ಅಲ್ಲಿಗೇ ಹೋಗುತ್ತೇನೆ. ಅವರನ್ನು ಬಿಟ್ಟು ಬೇರೆ ಕಡೆ ಮಲಗಲು ಮನಸ್ಸು ಒಪ್ಪುವುದಿಲ್ಲ. ಹೆದರಿಕೆಯಾಗುತ್ತಿದೆ, ತುಂಬ ಹೆದರಿಕೆಯಾಗುತ್ತಿದೆ. ನೀನು ಒಬ್ಬನೇ ಬರಬೇಡ. ಅತ್ತಿಗೆಯನ್ನು ಕರೆದುಕೊಂಡು ಬಾ, ಮಕ್ಕಳನ್ನೂ ಕರೆತಾ, ಜೊತೆಗೆ ಬರುತ್ತೇನೆ ಎಂದವರನ್ನೆಲ್ಲ ಗಾಡಿಗೆ ತುಂಬು. ಬಂದವನು ಮೆಲ್ಲಗೆ ಬಾಗಿಲು ತಟ್ಟಬೇಡ, ನರ್ಸಮ್ಮ ನಕ್ಕುಕೊಂಡು ಮಾತಾಡಿಸಿದರೆ ನೀನೂ ಕರಗಿಬಿಡುತ್ತೀಯ. ಗೇಟಿನ ಹತ್ತಿರ ನಿಂತು, ಓಣಿಗೆ ಓಣಿಯೇ ಹೊರಗೆ ಬರುವ ಹಾಗೆ ನನ್ನ ಹೆಸರು ಹಿಡಿದು ಕೂಗು. ಇವಳ ಅಣ್ಣ ಬಂದಿದ್ದಾನೆ ಎಂದು ಎಲ್ಲರಿಗೂ ಕೇಳಿಸಲಿ. ನಾನು ಓಗೊಡದಿದ್ದರೆ ನಿಲ್ಲಿಸಬೇಡ, ಕೂಗುತ್ತಲೇ ಇರು. ಆಮೇಲೆ ಗೋಡೆಯಾಚೆಯವರನ್ನೂ ಕೂಗು. ಅವರ ಹೆಸರು ಕೇಳಲು ನನಗೆ ಹೊತ್ತು ಸಿಗಲಿಲ್ಲ. ದೊಡ್ಡಮ್ಮಾ ಎಂದು ಕೂಗು, ಕರ್ಕೊಂಡು ಹೋಗೋಕೆ ಬಂದಿದ್ದೀವಿ ಅನ್ನು.