ತಟ್ಟೆಯ ಅಂಚು

ಮೇಲೂರು,
೧೮ ನವೆಂಬರ್ ೨೦೨೪, ಕಾರ್ತಿಕ ಸೋಮವಾರ

ನನ್ನ ಮುದ್ದು ಹರಿಣಿಗೆ,

ಅಮ್ಮನ ಆಶೀರ್ವಾದ. ಮೈ ಹುಷಾರಾಗಿದೆಯೇನಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಮ್ಮಾ’ ಅನ್ನುತ್ತೀಯ, ಪಕ್ಕದಲ್ಲೇ ಅಳಿಯ ಭಾನುಪ್ರಕಾಶ್ ಕೆಮ್ಮುವುದು ಕೇಳಿಸುತ್ತದೆ. ಸ್ಪೀಕರ್ ಹಾಕಿಕೊಂಡು ಮಾತಾಡುವ ಮಗಳನ್ನು ತಾಯಿ ಏನಂತ ಕೇಳುವುದು? ಅದಕ್ಕೇ ಈ ಕಾಗದ, ಅದೂ ನೀನು ಪಾಠ ಹೇಳುವ ಶಾಲೆಯ ವಿಳಾಸಕ್ಕೆ. ಇಲ್ಲಿ ನಿಮ್ಮಪ್ಪ ಕ್ಷೇಮ. ಅವರ ಮಂಡಿನೋವು, ಕೋಪ ಎರಡೂ ಹಾಗೇ ಇವೆ.

ನೀನು ಕಳಿಸುವ ಫೋಟೋಗಳನ್ನೆಲ್ಲ ನೋಡುತ್ತೇನೆ. ಮದುವೆಯಾಗಿ ಅಂಡಮಾನಿಗೆ ಹೋದ ಹೊಸದರಲ್ಲಿ ಜರಡಿ ಹಿಡಿದ ಹಿಟ್ಟಿನಂಥ ಬಿಳಿ ಮರಳು. ಮಳೆ ಹಿಡಿದಾಗ ಆ ದಡದಲ್ಲಿ ಅಲೆ ಜೋರು ಅಂತ ದ್ವೀಪದ ಆಚೆ ಮಗ್ಗುಲಿಗೆ ಹೋದೆ, ಅಲ್ಲಿ ನೀರು ನಮ್ಮೂರ ಕೆರೆಯ ಹಾಗೆ ಸುಮ್ಮನಿತ್ತು. ಆಮೇಲೆ ಕಪ್ಪು ಬಂಡೆಯ ದಡ, ಸತ್ತ ಹವಳ ಕಾಲಿಗೆ ಚುಚ್ಚುವ ದಡ, ಮರಗಳೇ ನೀರಿಗೆ ಬೇರು ಇಳಿಸಿದ ದಡ. ಪಕ್ಕದ ಮನೆಯ ಚಿಕ್ಕವೆಂಕಟಮ್ಮ, ‘ಅಬ್ಬಾ, ವರ್ಸವೆಲ್ಲಾ ಸಮುದ್ರದ ದಂಡೇಲೇ ಅವ್ಳಲ್ಲೇ, ಪುಣ್ಯವಂತೆ’ ಅಂದಳು. ನಾನೂ ಕಂಡವರಿಗೆಲ್ಲ ತೋರಿಸಿ ಬೀಗಿದೆ.

ಆದರೆ ದೀಪಾವಳಿಯ ಫೋಟೋ ನೋಡಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಹಬ್ಬದ ದಿನ, ಹೊಸ ಸೀರೆಯುಟ್ಟು, ಒಬ್ಬಳೇ ಮರಳಿನ ಮೇಲೆ. ಪಕ್ಕದಲ್ಲಿ ಊಟದ ಡಬ್ಬಿ. ಹಬ್ಬದೂಟವನ್ನು ಯಾರಾದರೂ ಡಬ್ಬಿಯಲ್ಲಿ ಉಣ್ಣುತ್ತಾರೆಯೇ? ಹಿಂದಿನ ಫೋಟೋಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಒಂದರಲ್ಲೂ ಮನೆಯಿಲ್ಲ, ಅಡುಗೆಮನೆಯಿಲ್ಲ, ನಿನ್ನ ಗಂಡನಿಲ್ಲ. ಮಳೆಯಲ್ಲೂ ಕೊಡೆ ಹಿಡಿದು ನೀನು ಹೊರಗೇ. ನಮ್ಮ ರೇಷ್ಮೆಹುಳು ನಿನಗೆ ಗೊತ್ತಲ್ಲ. ಗಟ್ಟಿ ಹುಳು ತಟ್ಟೆಯ ನಡುವೆ ಸೊಪ್ಪು ಮೇಯುತ್ತಾ ಇರುತ್ತದೆ. ಹಾಲುತೊಂಡೆ ರೋಗ ತಗುಲಿದ್ದು ಮಾತ್ರ ಸೊಪ್ಪು ಬಿಟ್ಟು ಅಂಚಿಗೆ ಬಂದು ಸುತ್ತುತ್ತಲೇ ಇರುತ್ತದೆ. ಹೆತ್ತ ಮಗಳನ್ನು ಹುಳುವಿಗೆ ಹೋಲಿಸಿದಳೆಂದು ಬೈದುಕೋ, ಪರವಾಗಿಲ್ಲ. ನನಗೆ ಭಯವಾಗಿದೆ ಕಣೇ.

ಆಷಾಢದಲ್ಲಿ ನೀನು ‘ಒಂದಷ್ಟ್ ದಿನ ಬಂದಿರ್ಲಾ?’ ಅಂತ ಕೇಳಿದ್ದೆ. ನಿಮ್ಮಪ್ಪ ಫೋನು ಕಿತ್ತುಕೊಂಡು, ‘ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ ಕಣಮ್ಮಾ, ಈಗ ಹೊರಗಿನೋರು ಯಾರೂ ಬರಂಗಿಲ್ಲ, ಗೂಡು ಬಿಡಿಸಿದ್ಮೇಲೆ ಬಾ’ ಅಂದುಬಿಟ್ಟರು. ಹುಳು ಸಾಕುವ ಮನೆಯಲ್ಲಿ ನೆಂಟರಿಗೆಲ್ಲ ಹೇಳುವ ಮಾತೇ ಅದು, ಹೊರಗಿನ ಕಾಲಧೂಳಿನಿಂದ ರೋಗ ಬರುತ್ತದೆಂಬ ಹೆದರಿಕೆ. ಆದರೆ ನೀನು ಹೊರಗಿನವಳೇ? ಗೂಡು ಬಿಡಿಸಿದೆವು, ಮತ್ತೆ ಮರಿಹುಳು ತಂದೆವು. ನೀನು ಮಾತ್ರ ಮತ್ತೆ ಕೇಳಲೇ ಇಲ್ಲ.

ಏನಾಗಿದೆಯೆಂದು ಬರೆಯಲು ಕಷ್ಟವಾದರೆ ಬರೆಯಬೇಡ. ನಿನ್ನ ಶಾಲೆಯ ಟೀಚರುಗಳಿಗೆ ನನ್ನ ನಮಸ್ಕಾರ ತಿಳಿಸು. ಮನೆದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ರಾಧಾಮಣಿ

ಇದೊಂದು ಬಿಟ್ಟೇಹೋಗಿತ್ತು: ಈ ಬೆಳೆಗೆ ಮರಿಹುಳು ತರುವುದು ಬೇಡ ಅಂದೆ. ನಿಮ್ಮಪ್ಪ ಮುಖ ಗಂಟು ಹಾಕಿಕೊಂಡು ಓಡಾಡಿದರು. ನಿನ್ನೆ ದೀಪಾವಳಿಯ ಫೋಟೋ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ಎದ್ದು ಹೋಗಿ, ತೋಟದ ಸೊಪ್ಪನ್ನೆಲ್ಲ ಪಕ್ಕದ ಹೊಲದ ರಾಮಾಂಜಿನಪ್ಪನಿಗೆ ಅವನ ಹುಳುವಿಗೆ ಕೊಯ್ದುಕೊಳ್ಳಲು ಹೇಳಿ ಬಂದರು. ಹುಳುಮನೆ ಖಾಲಿ ಇದೆ. ಯಾರನ್ನೂ ಕೇಳಬೇಡ, ಬಾ.